ಸಗಣಿ ಹೇಳುವ ಸುದ್ದಿ: ರಾಸುಗಳ ಸಗಣಿಯಲ್ಲಿ ಕಾಣುವ ಬದಲಾವಣೆಗಳು ಮತ್ತು ಎಚ್ಚರಿಕೆಯ ಚಿಹ್ನೆಗಳು

ಹಳ್ಳಿಯ ಮನೆಗಳಲ್ಲಿ ದಿನದ ಮೊದಲ ಕೆಲಸ ಕೊಟ್ಟಿಗೆಯ ಸಗಣಿ ಬಾಚುವುದು. ಇನ್ನೂ ಮಬ್ಬುಗತ್ತಲೆ ಇರುವಾಗಲೇ ಕಸ ಗುಡಿಸಿ, ಸಗಣಿಯನ್ನು ಮಂಕರಿಗೆ ತುಂಬಿ ತಿಪ್ಪೆಗೆ ಹಾಕಿ ಬರುವುದು ವಾಡಿಕೆ. ತಿಪ್ಪೆಗೆ ಬಿದ್ದ ಮೇಲೆ ಯಾವ ರಾಸಿನ ಸಗಣಿ ಯಾವುದೆಂದು ತಿಳಿಯುವುದಿಲ್ಲ. ರಾತ್ರಿಯಲ್ಲಿ ಹಸುವಿನ ಹೊಟ್ಟೆಯೊಳಗೆ ಏನಾದರೂ ಏರುಪೇರಾಗಿದ್ದರೆ ಅದರ ಸುಳಿವೂ ಸಗಣಿಯೊಡನೆ ತಿಪ್ಪೆಯನ್ನೇ ಸೇರುತ್ತದೆ. ಹಸು ಮೇವು ಬಿಟ್ಟು, ಹಾಲು ಇಳಿದು, ಕಿವಿ ಜೋಲುಬಿಟ್ಟು ನಿಂತ ಮೇಲೆ ಮನೆಯವರಿಗೆ ಗಾಬರಿಯಾಗುತ್ತದೆ. ಅಷ್ಟರಲ್ಲಿ ಒಂದೆರಡು ದಿನ ಕಳೆದಿರುತ್ತದೆ.

ರಾಸಿಗೆ ಬಾಯಿಲ್ಲ. ಅದರ ಹೊಟ್ಟೆಯ ಸ್ಥಿತಿಯನ್ನು ದಿನಕ್ಕೆ ಹತ್ತಾರು ಬಾರಿ ತಿಳಿಸುವುದು ಸಗಣಿಯೊಂದೇ. ಅದನ್ನು ನೋಡಿ ಅರ್ಥ ಮಾಡಿಕೊಳ್ಳುವುದಕ್ಕೆ ಯಾವ ಉಪಕರಣವೂ ಬೇಕಿಲ್ಲ, ಖರ್ಚೂ ಇಲ್ಲ. ಬೇಕಾದುದು ಬಾಚುವುದಕ್ಕೆ ಮೊದಲು ಒಂದು ನಿಮಿಷ ನಿಂತು ನೋಡುವ ಅಭ್ಯಾಸ. ಯಾವ ಬದಲಾವಣೆಗೆ ಅಂಜಬೇಕಾಗಿಲ್ಲ, ಯಾವುದಕ್ಕೆ ಒಂದು ದಿನ ಕಾಯಬಹುದು, ಯಾವುದಕ್ಕೆ ಕೂಡಲೇ ಪಶುವೈದ್ಯರನ್ನು ಕರೆಯಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಆರೋಗ್ಯವಂತ ರಾಸಿನ ಸಗಣಿ

ಹಸು, ಎಮ್ಮೆಗಳ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ. ಮೊದಲನೆಯದಾದ ಮೆಲುಕು ಹೊಟ್ಟೆಯೇ ಎಲ್ಲಕ್ಕಿಂತ ದೊಡ್ಡದು. ತಿಂದ ಮೇವು ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳ ಸಹಾಯದಿಂದ ಹುದುಗುತ್ತದೆ. ರಾಸು ಆ ಮೇವನ್ನು ಮತ್ತೆ ಬಾಯಿಗೆ ತಂದು ಮೆಲುಕು ಹಾಕಿ, ನುಣ್ಣಗೆ ಮಾಡಿ ನುಂಗುತ್ತದೆ. ಹೀಗೆ ಮೇವು ಬಾಯಿಯಿಂದ ಹೊರಟು ಸಗಣಿಯಾಗಿ ಹೊರಬೀಳಲು ಸುಮಾರು ಎರಡು ಮೂರು ದಿನ ಹಿಡಿಯುತ್ತದೆ. ಆದುದರಿಂದ ಇಂದಿನ ಸಗಣಿಯಲ್ಲಿ ವ್ಯತ್ಯಾಸ ಕಂಡರೆ ಇಂದು ಹಾಕಿದ ಮೇವನ್ನಷ್ಟೇ ಅಲ್ಲ, ಮೊನ್ನೆಯಿಂದ ಏನು ಹಾಕಲಾಗಿತ್ತು ಎಂಬುದನ್ನೂ ನೆನಪು ಮಾಡಿಕೊಳ್ಳಬೇಕು.

ಹಾಲು ಕೊಡುವ ಆರೋಗ್ಯವಂತ ಹಸು ದಿನಕ್ಕೆ ಸುಮಾರು 10 ರಿಂದ 15 ಬಾರಿ ಸಗಣಿ ಹಾಕುತ್ತದೆ. ಮಿಶ್ರತಳಿಯ ದೊಡ್ಡ ಹಸುವಾದರೆ ದಿನವೊಂದಕ್ಕೆ 20 ಕಿ.ಗ್ರಾಂ. ಅಥವಾ ಅದಕ್ಕಿಂತ ಹೆಚ್ಚು ಸಗಣಿ ಬರುತ್ತದೆ; ಸಣ್ಣ ಮೈಕಟ್ಟಿನ ನಾಟಿ ರಾಸುಗಳಲ್ಲಿ ಕಡಿಮೆ. ಸಗಣಿಯ ನೂರು ಭಾಗದಲ್ಲಿ 80 ರಿಂದ 85 ಭಾಗ ನೀರೇ ಇರುತ್ತದೆ. ಒಳ್ಳೆಯ ಸಗಣಿ ನೆಲಕ್ಕೆ ಬಿದ್ದಾಗ ಸಿಡಿಯುವುದಿಲ್ಲ, ಹರಿದೂ ಹೋಗುವುದಿಲ್ಲ. ಸುಮಾರು ಎರಡು ಬೆರಳಿನಷ್ಟು ಎತ್ತರಕ್ಕೆ ಸುತ್ತುಸುತ್ತಾಗಿ ಕೂತು, ನಡುವೆ ಸ್ವಲ್ಪ ತಗ್ಗು ಕಾಣುತ್ತದೆ. ಮನೆಯ ಹೆಣ್ಣುಮಕ್ಕಳಿಗೆ ಇದರ ಅಳತೆ ಚೆನ್ನಾಗಿ ಗೊತ್ತು. ನೀರು ಬೆರೆಸದೆ ಬೆರಣಿ ತಟ್ಟಲು ಬರುವ, ಕೈಯಿಂದ ಸೋರದ ಸಗಣಿಯೇ ಆರೋಗ್ಯವಂತ ರಾಸಿನ ಸಗಣಿ. ಎಮ್ಮೆಯ ಸಗಣಿ ಹಸುವಿನದಕ್ಕಿಂತ ಕಪ್ಪಗಿದ್ದು ಸ್ವಲ್ಪ ಗಟ್ಟಿಯಾಗಿರುವುದು ಸಹಜ. ಕುರಿ ಮೇಕೆಗಳದು ಒಣ ಹಿಕ್ಕೆ. ಕುರಿಯ ಹಿಕ್ಕೆಗಳು ಒಂದಕ್ಕೊಂದು ಅಂಟಿ ಮುದ್ದೆಯಾದರೆ, ಇಲ್ಲವೇ ಬಾಲದ ಬುಡದ ಉಣ್ಣೆಗೂದಲು ಸಗಣಿಯಿಂದ ಒದ್ದೆಯಾಗಿದ್ದರೆ ಅದನ್ನು ಭೇದಿಯ ಆರಂಭವೆಂದು ತಿಳಿಯಬೇಕು.

ಎಲ್ಲಕ್ಕಿಂತ ಮುಖ್ಯವಾದ ಅಳತೆ ಆ ರಾಸಿನದೇ ನಿನ್ನೆ ಮೊನ್ನೆಯ ಸಗಣಿ. ಪಕ್ಕದ ಮನೆಯ ಹಸುವಿನೊಡನೆ ಹೋಲಿಸಿ ಪ್ರಯೋಜನವಿಲ್ಲ. ಪ್ರತಿಯೊಂದು ರಾಸಿನ ವಾಡಿಕೆಯನ್ನು ತಿಳಿದುಕೊಂಡಿದ್ದರೆ ಮಾತ್ರ ಬದಲಾವಣೆ ಕಣ್ಣಿಗೆ ಬೀಳುತ್ತದೆ.

ಅಂಜಬೇಕಾಗಿಲ್ಲದ ಬದಲಾವಣೆಗಳು

ಸಗಣಿ ಬದಲಾದಾಗಲೆಲ್ಲ ರೋಗವೇ ಬಂದಿದೆ ಎಂದು ಭಾವಿಸಬಾರದು. ಬೇಸಿಗೆಯಲ್ಲಿ ಒಣ ರಾಗಿ ಹುಲ್ಲು, ಜೋಳದ ದಂಟು ತಿನ್ನುತ್ತಿದ್ದ ರಾಸಿನ ಸಗಣಿ ಗಟ್ಟಿಯಾಗಿ ಕಂದು ಬಣ್ಣಕ್ಕಿರುತ್ತದೆ. ಮುಂಗಾರು ಮಳೆ ಬಿದ್ದು ಎಳೆ ಹುಲ್ಲು ಮೇಯಲು ತೊಡಗಿದ ಕೂಡಲೇ ಅದೇ ರಾಸಿನ ಸಗಣಿ ಕಡು ಹಸಿರಾಗಿ ತೆಳ್ಳಗಾಗುತ್ತದೆ. ಎಳೆ ಹುಲ್ಲಿನಲ್ಲಿ ನೀರು ಹೆಚ್ಚು, ನಾರು ಕಡಿಮೆ ಇರುವುದೇ ಇದಕ್ಕೆ ಕಾರಣ. ಅಲಸಂದೆ, ಕುದುರೆ ಮಸಾಲೆ ಸೊಪ್ಪುಗಳನ್ನು ಹೆಚ್ಚಾಗಿ ಹಾಕಿದಾಗಲೂ ಹೀಗೆಯೇ ಆಗುತ್ತದೆ. ಹಿಂಡಿ, ಬೂಸಾ ಹೆಚ್ಚಿಸಿದಾಗ ಬಣ್ಣ ಸ್ವಲ್ಪ ಹಳದಿಗೆ ತಿರುಗುವುದುಂಟು. ಹಸಿರು ಮೇವನ್ನು ಒಮ್ಮೆಲೇ ತುಂಬದೆ, ಒಣ ಹುಲ್ಲಿನೊಡನೆ ಬೆರೆಸಿ 7 ರಿಂದ 10 ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋದರೆ ಈ ತೊಂದರೆಯೂ ಇರುವುದಿಲ್ಲ. ದೂರದ ಸಂತೆಗೆ ನಡೆಸಿಕೊಂಡು ಹೋದಾಗ ಅಥವಾ ಲಾರಿಯಲ್ಲಿ ಸಾಗಿಸಿದಾಗ ಹೆದರಿಕೆಯಿಂದ ಒಂದೆರಡು ಬಾರಿ ತೆಳ್ಳಗೆ ಹಾಕಿದರೆ ಅದೂ ತಾನಾಗಿಯೇ ಸರಿಹೋಗುತ್ತದೆ.

ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳು

ಸಗಣಿಯಲ್ಲಿ ಬದಲಾವಣೆ ಕಂಡಾಗ ರೈತರು ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

1. ರಾಸು ಮೇವು ತಿನ್ನುತ್ತಿದೆಯೇ, ನೀರು ಕುಡಿಯುತ್ತಿದೆಯೇ?

2. ಮಲಗಿದಾಗ ಮೆಲುಕು ಹಾಕುತ್ತಿದೆಯೇ? ಆರೋಗ್ಯವಂತ ರಾಸು ದಿನದಲ್ಲಿ ಸುಮಾರು 6 ರಿಂದ 8 ಗಂಟೆ ಕಾಲ ಮೆಲುಕು ಹಾಕುತ್ತದೆ.

3. ಹಾಲು ಎಂದಿನಷ್ಟೇ ಇದೆಯೇ?

4. ಜ್ವರವಿದೆಯೇ? ಮೈ ಮುಟ್ಟಿ ನೋಡಿದರೆ ಜ್ವರ ಸರಿಯಾಗಿ ತಿಳಿಯದು. ಒಂದು ಥರ್ಮಾಮೀಟರನ್ನು ಕೊಟ್ಟಿಗೆಗೆಂದೇ ಇಟ್ಟುಕೊಂಡು, ಗುದದ್ವಾರದ ಒಳಗೋಡೆಗೆ ತಾಗುವಂತೆ ಎರಡು ನಿಮಿಷ ಹಿಡಿದು ನೋಡಬೇಕು. ದೊಡ್ಡ ಹಸುವಿನಲ್ಲಿ 101 ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. 103 ದಾಟಿದರೆ ಜ್ವರ. ಬಿಸಿಲಿನಲ್ಲಿ ನಿಂತು ಬಂದ ರಾಸನ್ನು ನೆರಳಿನಲ್ಲಿ ಸ್ವಲ್ಪ ಹೊತ್ತು ಕಟ್ಟಿ ನಂತರ ನೋಡಬೇಕು.

ನಾಲ್ಕಕ್ಕೂ ಉತ್ತರ ಸಮಾಧಾನಕರವಾಗಿದ್ದರೆ ಮೇವನ್ನು ಸರಿಪಡಿಸಿ ಒಂದು ದಿನ ಕಾಯಬಹುದು. ಸಗಣಿಯ ಬದಲಾವಣೆಯೊಡನೆ ಈ ನಾಲ್ಕರಲ್ಲಿ ಒಂದು ಕೆಟ್ಟಿದ್ದರೂ ಪಶುವೈದ್ಯರಿಗೆ ತಿಳಿಸುವುದು ಲೇಸು. ಎರಡು ಕೆಟ್ಟಿದ್ದರೆ ಮರುದಿನಕ್ಕೆಂದು ಮುಂದೂಡಬಾರದು. ಆದರೆ ಈ ಲೆಕ್ಕ ದೊಡ್ಡ ರಾಸುಗಳಿಗೆ ಮಾತ್ರ. ಎಳೆಗರುಗಳ ವಿಷಯವೇ ಬೇರೆ; ಅದನ್ನು ಮುಂದೆ ವಿವರಿಸಲಾಗಿದೆ.

ಸಗಣಿ ತೆಳ್ಳಗಾದಾಗ

ಧಾನ್ಯದ ಅಜೀರ್ಣ: ಮದುವೆ, ಹಬ್ಬಗಳಲ್ಲಿ ಉಳಿದ ಅನ್ನವನ್ನು ಹಸುವಿನ ಮುಂದೆ ಸುರಿಯುವುದು, ಕಣದಲ್ಲಿ ರಾಶಿ ಹಾಕಿದ ರಾಗಿ, ಜೋಳ, ಮೆಕ್ಕೆಜೋಳಕ್ಕೆ ಹಗ್ಗ ಬಿಚ್ಚಿಕೊಂಡ ರಾಸು ಬಾಯಿ ಹಾಕುವುದು ಎಲ್ಲ ಊರುಗಳಲ್ಲೂ ನಡೆಯುವ ಸಂಗತಿ. ಪ್ರೀತಿಯಿಂದ ಹಾಕಿದ ಅನ್ನ ವಿಷದಂತೆ ಕೆಲಸ ಮಾಡಬಹುದು. ಅಭ್ಯಾಸವಿಲ್ಲದ ರಾಸು ಹೆಚ್ಚು ಧಾನ್ಯ ಅಥವಾ ಅನ್ನ ತಿಂದರೆ ಅದು ಮೆಲುಕು ಹೊಟ್ಟೆಯಲ್ಲಿ ಬೇಗನೆ ಹುಳಿತು ಆಮ್ಲವಾಗುತ್ತದೆ. 12 ರಿಂದ 24 ಗಂಟೆಗಳೊಳಗೆ ರಾಸು ಮೇವು ಬಿಟ್ಟು ಮಂಕಾಗುತ್ತದೆ. ಸಗಣಿ ತೆಳ್ಳಗೆ, ಹಳದಿ ಬಣ್ಣಕ್ಕೆ ತಿರುಗಿ ಹುಳಿ ವಾಸನೆ ಬರುತ್ತದೆ. ಅದರಲ್ಲಿ ಧಾನ್ಯದ ಚೂರುಗಳು ಕಾಣುತ್ತವೆ. ಮುಂದೆ ರಾಸು ತೂರಾಡಿ ನೆಲ ಹಿಡಿಯುತ್ತದೆ. ಬದುಕಿ ಉಳಿದರೂ ಗೊರಸಿನ ಬಾವಿನಿಂದ ಕುಂಟಬಹುದು. ಇದು ಗಂಟೆಗಳ ಲೆಕ್ಕದಲ್ಲಿ ನೋಡಬೇಕಾದ ರೋಗ. ರಾಸು ಧಾನ್ಯ ತಿಂದದ್ದು ಗೊತ್ತಾದ ಕೂಡಲೇ, ಚಿಹ್ನೆಗಳು ಕಾಣುವುದಕ್ಕೆ ಮೊದಲೇ ವೈದ್ಯರನ್ನು ಕರೆಯಬೇಕು. ಅವರು ಬರುವವರೆಗೆ ಉಳಿದ ಧಾನ್ಯವನ್ನು ದೂರ ಸರಿಸಿ ಒಣ ಹುಲ್ಲು ಮಾತ್ರ ಹಾಕಬೇಕು. ನೀರನ್ನು ಒಮ್ಮೆಲೇ ಬೇಕಾದಷ್ಟು ಕುಡಿಯಲು ಬಿಡಬಾರದು. ಅಡಿಗೆ ಸೋಡ ಕುಡಿಸುವ ರೂಢಿಯಿದೆ. ಅದರ ಪ್ರಮಾಣವನ್ನು ರಾಸಿನ ತೂಕ ನೋಡಿ ವೈದ್ಯರೇ ಹೇಳಬೇಕು.

ಜಂತುಹುಳುಗಳ ಬಾಧೆ: ಮಳೆಗಾಲ ಮುಗಿದು ಕೆರೆಯ ನೀರು ಹಿಂದೆ ಸರಿದಾಗ ಅಂಚಿನಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಅದೇ ಹುಲ್ಲಿನ ಮೇಲೆ ಬಸವನಹುಳುಗಳಿಂದ ಹೊರಬಂದ ಚಪ್ಪಟೆ ಹುಳುಗಳ ಮರಿಗಳು ಅಂಟಿಕೊಂಡಿರುತ್ತವೆ. ಅದನ್ನು ಮೇಯ್ದ ದನ, ಎಮ್ಮೆ, ಕುರಿಗಳಲ್ಲಿ ಕೆಲವು ವಾರಗಳ ನಂತರ ನಾರುವ, ನೀರಿನಂತಹ ಭೇದಿ ಕಾಣಿಸಿಕೊಂಡು ಗದ್ದದ ಕೆಳಗೆ ನೀರು ತುಂಬಿದ ಬಾವು ಬರುತ್ತದೆ. ಕಣ್ಣು ರೆಪ್ಪೆಯ ಒಳಭಾಗ ಕೆಂಪು ಬಣ್ಣ ಕಳೆದುಕೊಂಡು ಬಿಳಿಚುತ್ತದೆ. ಮೆಲುಕು ಹೊಟ್ಟೆಯ ಹುಳುಗಳ ಎಳೆಯ ಮರಿಗಳು ಸಣ್ಣ ಕರುಳಿನಲ್ಲಿರುವಾಗಲೇ ಹಾನಿ ಮಾಡುತ್ತವೆ. ಅವು ಆಗ ಇನ್ನೂ ಮೊಟ್ಟೆ ಇಡುವುದಿಲ್ಲವಾದ್ದರಿಂದ ಸಗಣಿ ಪರೀಕ್ಷೆಯಲ್ಲಿ ಮೊಟ್ಟೆ ಕಾಣದಿರಬಹುದು. ಆದುದರಿಂದ ರಾಸು ಎಲ್ಲಿ ಮೇಯುತ್ತಿತ್ತು ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಎಲ್ಲ ಹುಳುಗಳಿಗೂ ಒಂದೇ ಔಷಧಿ ನಾಟುವುದಿಲ್ಲ. ದುಂಡು ಹುಳುವಿನ ಔಷಧಿ ಕೊಟ್ಟು ಚಪ್ಪಟೆ ಹುಳು ಸಾಯಲಿಲ್ಲವೆಂದು ಔಷಧಿಯನ್ನು ದೂರಿ ಫಲವಿಲ್ಲ.

ಜೋನ್ಸ್ ರೋಗ: ಹಸು ಚೆನ್ನಾಗಿ ಮೇವು ತಿನ್ನುತ್ತದೆ, ಜ್ವರವಿಲ್ಲ. ಆದರೆ ವಾರಗಟ್ಟಲೆ ತೆಳ್ಳಗೆ ಭೇದಿಯಾಗುತ್ತದೆ. ಔಷಧಿ ಕೊಟ್ಟಾಗ ಕೆಲವು ದಿನ ನಿಂತಂತಾಗಿ ಮತ್ತೆ ಶುರುವಾಗುತ್ತದೆ. ಹಸು ದಿನೇ ದಿನೇ ಬಡವಾಗಿ ಮೂಳೆ ಚಕ್ಕಳವಾಗುತ್ತದೆ. ಇಂತಹ ಹಸುವಿನಲ್ಲಿ ಜೋನ್ಸ್ ರೋಗದ ಸಂಶಯ ಪಡಬೇಕು. 1895 ರಲ್ಲಿ ಜರ್ಮನಿಯಲ್ಲಿ ಮೊದಲು ವಿವರಿಸಲಾದ ಈ ರೋಗದ ಬ್ಯಾಕ್ಟೀರಿಯ ಸಾಮಾನ್ಯವಾಗಿ ಕರುವಾಗಿದ್ದಾಗಲೇ ಸಗಣಿ ತಾಗಿದ ಕೆಚ್ಚಲು, ಹಾಲು, ನೀರಿನ ಮೂಲಕ ದೇಹ ಸೇರುತ್ತದೆ. ಚಿಹ್ನೆ ಕಾಣುವುದು ಎರಡು ವರ್ಷ ಅಥವಾ ಇನ್ನೂ ತಡವಾಗಿ. ಇದಕ್ಕೆ ಗುಣಪಡಿಸುವ ಚಿಕಿತ್ಸೆಯಿಲ್ಲ. ರೋಗ ಖಚಿತವಾದರೆ ಆ ಹಸುವನ್ನು ಬೇರೆ ಕಟ್ಟಿ, ಅದರ ಸಗಣಿ ಕರುಗಳ ಹತ್ತಿರಕ್ಕೂ ಬಾರದಂತೆ ನೋಡಿಕೊಳ್ಳಬೇಕು. ಭೇದಿಯಾಗುವ ಹಸುವನ್ನು ಗುಟ್ಟಾಗಿ ಸಂತೆಯಲ್ಲಿ ಮಾರಿದರೆ ರೋಗ ಇನ್ನೊಬ್ಬ ರೈತನ ಕೊಟ್ಟಿಗೆಗೆ ಹೋಗುತ್ತದೆಯೇ ಹೊರತು ಊರಿನಿಂದ ಹೋಗುವುದಿಲ್ಲ.

ಹಿಂದಿನ ತಲೆಮಾರಿನವರಿಗೆ ಭೇದಿ ಎಂದೊಡನೆ ನೆನಪಿಗೆ ಬರುತ್ತಿದ್ದುದು ದೊಡ್ಡ ರೋಗ. ಜ್ವರ, ಬಾಯಿಹುಣ್ಣು, ನಾರುವ ಭೇದಿಯಿಂದ ಅದು ಊರಿನ ದನಗಳನ್ನೆಲ್ಲ ಬಲಿ ತೆಗೆದುಕೊಳ್ಳುತ್ತಿತ್ತು. ಲಸಿಕೆ ಕಾರ್ಯಕ್ರಮದ ಫಲವಾಗಿ ಭಾರತ 2006 ರಲ್ಲಿ ಆ ರೋಗದ ಸೋಂಕಿನಿಂದ ಮುಕ್ತವೆಂದು ಮಾನ್ಯತೆ ಪಡೆಯಿತು. 2011 ರಲ್ಲಿ ಇಡೀ ಜಗತ್ತಿನಿಂದಲೇ ರೋಗ ನಿರ್ಮೂಲವಾದುದನ್ನು ಘೋಷಿಸಲಾಯಿತು. ಇಂದು ಕಾಣುವ ಭೇದಿಗಳಿಗೆ ಕಾರಣಗಳು ಬೇರೆ. ಅವುಗಳಲ್ಲಿ ಹೆಚ್ಚಿನವನ್ನು ಸಕಾಲದಲ್ಲಿ ಗುರುತಿಸಿದರೆ ರಾಸು ಉಳಿಯುತ್ತದೆ.

ಸಗಣಿ ಗಟ್ಟಿಯಾದಾಗ, ನಿಂತುಹೋದಾಗ

ಭೇದಿಗೆ ಹೆದರುವಷ್ಟು ಜನರು ಗಟ್ಟಿ ಸಗಣಿಗೆ ಹೆದರುವುದಿಲ್ಲ. ಇದು ಸರಿಯಲ್ಲ. ನೀರು ಸಾಲದಿದ್ದಾಗ, ಜ್ವರ ಬಂದಾಗ, ಮೆಲುಕು ಹೊಟ್ಟೆ ಕೆಲಸ ನಿಧಾನಿಸಿದಾಗ ಸಗಣಿ ಉಂಡೆಯುಂಡೆಯಾಗಿ, ಮೇಲೆ ಲೋಳೆ ಸವರಿದಂತೆ ಬೀಳುತ್ತದೆ. ಕರು ಹಾಕಿದ ಮೊದಲ ಆರು ವಾರಗಳಲ್ಲಿ ಹೆಚ್ಚು ಹಾಲು ಕೊಡುವ ಹಸು ಹಿಂಡಿ ಬಿಟ್ಟು ಒಣ ಹುಲ್ಲು ಮಾತ್ರ ಆರಿಸಿ ತಿನ್ನುತ್ತಿದ್ದು, ಸಗಣಿ ಗಟ್ಟಿಯಾಗಿ, ಹಾಲು ಇಳಿದು ಸೊರಗುತ್ತಿದ್ದರೆ ಅದು ಕೀಟೋಸಿಸ್ ಇರಬಹುದು. ಕೆಲವರಿಗೆ ಅಂತಹ ಹಸುವಿನ ಉಸಿರಿನಲ್ಲಿ ಹಣ್ಣಿನಂತಹ ಸಿಹಿ ವಾಸನೆ ತಿಳಿಯುತ್ತದೆ. ಕರು ಹಾಕಿದ ಮೂರು ದಿನಗಳೊಳಗೆ ಹಸು ಸಗಣಿ ನಿಲ್ಲಿಸಿ, ಕಿವಿ ತಣ್ಣಗಾಗಿ, ಕುತ್ತಿಗೆ ಪಕ್ಕಕ್ಕೆ ತಿರುಗಿಸಿ ಮಲಗಿದ್ದರೆ ಅದು ಹಾಲುಜ್ವರ. ಹೆಸರಿನಲ್ಲಿ ಜ್ವರವಿದ್ದರೂ ಮೈ ಬಿಸಿ ಇರುವುದಿಲ್ಲ. ರಕ್ತದಲ್ಲಿ ಸುಣ್ಣದ ಅಂಶ ಕುಸಿಯುವುದೇ ಇದಕ್ಕೆ ಕಾರಣ. ಸಕಾಲದಲ್ಲಿ ವೈದ್ಯರು ಕ್ಯಾಲ್ಸಿಯಂ ಚುಚ್ಚುಮದ್ದು ಕೊಟ್ಟರೆ ಹಸು ಎದ್ದು ನಿಲ್ಲುತ್ತದೆ, ತಡವಾದರೆ ಸಾಯುತ್ತದೆ.

ಪಟ್ಟಣದ ಅಂಚಿನಲ್ಲಿ ಮೇಯುವ ದನಗಳು ಅಡಿಗೆಮನೆಯ ಕಸದೊಡನೆ ಪ್ಲಾಸ್ಟಿಕ್ ಚೀಲಗಳನ್ನು ನುಂಗುತ್ತವೆ. ಅವು ಮೆಲುಕು ಹೊಟ್ಟೆಯಲ್ಲಿ ಗಂಟಾಗಿ ಉಳಿದು ಮೇವಿನ ದಾರಿಯನ್ನು ಕಟ್ಟುತ್ತವೆ. ತಂತಿ, ಮೊಳೆಗಳು ಎರಡನೆಯ ಕೋಣೆಗೆ ಚುಚ್ಚಿಕೊಂಡರೆ ರಾಸು ಬೆನ್ನು ಬಾಗಿಸಿ, ಮೊಣಕೈ ಹೊರಚಾಚಿ ನಿಲ್ಲುತ್ತದೆ. ಸಗಣಿ ಹಾಕುವಾಗ ನರಳುತ್ತದೆ. ಕರುಳು ಕರುಳಿನೊಳಗೆ ಸೇರಿಕೊಂಡಾಗ ಮೊದಲು ಹೊಟ್ಟೆನೋವಿನಿಂದ ಒದ್ದಾಡಿ, ನಂತರ ಸಗಣಿಯ ಬದಲು ಕಡುಗೆಂಪು ಲೋಳೆ ಮಾತ್ರ ಸ್ವಲ್ಪ ಬರುತ್ತದೆ. ಇವುಗಳಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಆದುದರಿಂದ 24 ಗಂಟೆ ಸಗಣಿ ಹಾಕದ ರಾಸನ್ನು ತುರ್ತು ಚಿಕಿತ್ಸೆಯ ರಾಸೆಂದೇ ಪರಿಗಣಿಸಬೇಕು. ಅದಕ್ಕೆ ಎಣ್ಣೆ ಕುಡಿಸಿ ನೋಡೋಣ ಎಂದು ದಿನಗಳೆಯಬಾರದು.

ಬಣ್ಣ, ರಕ್ತ ಮತ್ತು ಲೋಳೆ

ಸಗಣಿಯ ಮೇಲೆ ಹಸಿ ಕೆಂಪು ರಕ್ತ ಕಂಡರೆ ರಕ್ತ ಒಸರುತ್ತಿರುವುದು ಕರುಳಿನ ಕೊನೆಯ ಭಾಗದಲ್ಲಿ ಎಂದು ತಿಳಿಯಬಹುದು. ನಾಲ್ಕನೆಯ ಕೋಣೆಯಲ್ಲಿ ಅಥವಾ ಸಣ್ಣ ಕರುಳಿನಲ್ಲಿ ಒಸರಿದ ರಕ್ತ ಜೀರ್ಣವಾಗಿ ಬರುವುದರಿಂದ ಸಗಣಿ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಕೂಡಿರುತ್ತದೆ. ಹೊಟ್ಟೆಯ ಹುಣ್ಣು ಇದಕ್ಕೆ ಒಂದು ಕಾರಣ. ಉಣ್ಣೆಗಳಿಂದ ಹರಡುವ ಥೈಲೇರಿಯ ಜ್ವರ ಮಿಶ್ರತಳಿ ಹಸುಗಳಲ್ಲಿ ಹೆಚ್ಚು. ಅದರಲ್ಲಿ ವಿಪರೀತ ಜ್ವರ, ಹೆಗಲ ಮುಂದಿನ ಗ್ರಂಥಿಗಳ ಊತ, ಕಣ್ಣು ಬಿಳಿಚುವುದು ಇವುಗಳೊಡನೆ ಇಂತಹ ಸಗಣಿಯೂ ಕಾಣಬಹುದು. ಕಬ್ಬಿಣದ ಅಂಶವಿರುವ ಟಾನಿಕ್ ಕುಡಿಸುತ್ತಿದ್ದರೂ ಸಗಣಿ ಕಪ್ಪಾಗುತ್ತದೆ. ಆದ್ದರಿಂದ ಕೊಟ್ಟ ಔಷಧಿಗಳನ್ನೆಲ್ಲ ವೈದ್ಯರಿಗೆ ಹೇಳಬೇಕು.

ಗೊಬ್ಬರಕ್ಕೆಂದು ತಂದಿಟ್ಟ ಹರಳು ಹಿಂಡಿಗೆ ದನ ಬಾಯಿ ಹಾಕಿದರೆ ತೀವ್ರವಾದ ರಕ್ತಭೇದಿಯಾಗುತ್ತದೆ. ಹರಳಿನಲ್ಲಿರುವ ರೈಸಿನ್ ಎಂಬ ವಿಷವೇ ಇದಕ್ಕೆ ಕಾರಣ. ಹರಳು ಹಿಂಡಿಯನ್ನು ಕೊಟ್ಟಿಗೆಯಲ್ಲಿ ಕಡಲೆಕಾಯಿ ಹಿಂಡಿಯ ಪಕ್ಕದಲ್ಲಿ ಎಂದಿಗೂ ಇಡಬಾರದು. ಕೀಟನಾಶಕ ಸಿಂಪಡಿಸಿದ ಹೊಲದಲ್ಲಿ ಮೇಯ್ದ ರಾಸು ಬಾಯಿಯಲ್ಲಿ ಜೊಲ್ಲು ಸುರಿಸುತ್ತ, ನಡುಗುತ್ತ, ಭೇದಿ ಮಾಡುತ್ತಿದ್ದರೆ ಔಷಧಿಯ ಡಬ್ಬಿಯನ್ನು ವೈದ್ಯರಿಗೆ ತೋರಿಸಬೇಕು.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ಚೆನ್ನಾಗಿದ್ದ ರಾಸು ಇದ್ದಕ್ಕಿದ್ದಂತೆ ಸತ್ತು, ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಅದು ನೆರಡಿ ರೋಗವಿರಬಹುದು. ಇದು ಮನುಷ್ಯರಿಗೂ ತಗಲುವ ರೋಗ. ಅಂತಹ ಹೆಣವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಮಾಂಸ ಹಂಚಬಾರದು. ಕೂಡಲೇ ಪಶು ಚಿಕಿತ್ಸಾಲಯಕ್ಕೆ ತಿಳಿಸಿ ಅವರು ಹೇಳಿದಂತೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು.

ಕರುಗಳ ಭೇದಿ: ಕಾಯುವಂತಿಲ್ಲ

ದೊಡ್ಡ ಹಸು ಒಂದೆರಡು ದಿನದ ಭೇದಿಯನ್ನು ತಡೆದುಕೊಳ್ಳುತ್ತದೆ, ಎಳೆಗರು ತಡೆಯಲಾರದು. ಭೇದಿಯಾದ ಕರುವನ್ನು ಹೆಚ್ಚಾಗಿ ಕೊಲ್ಲುವುದು ದೇಹದಿಂದ ನೀರು, ಉಪ್ಪುಗಳು ಹೊರಟುಹೋಗುವುದು. 30 ಕಿ.ಗ್ರಾಂ. ತೂಕದ ಕರು ತನ್ನ ತೂಕದ ನೂರಕ್ಕೆ 10 ಭಾಗದಷ್ಟು ನೀರು ಕಳೆದುಕೊಂಡಿತೆಂದರೆ ಅದು ಕೇವಲ 3 ಲೀಟರು. ಅಷ್ಟಕ್ಕೇ ಅದರ ಪ್ರಾಣಕ್ಕೆ ಅಪಾಯ ಬರುತ್ತದೆ.

ಕರು ಹುಟ್ಟಿದ ಮೊದಲ ದಿನ ಅಂಟಾದ, ಹಳದಿಮಿಶ್ರಿತ ಕಂದು ಬಣ್ಣದ ಮಲ ಹಾಕಬೇಕು. 24 ಗಂಟೆಯಾದರೂ ಹಾಕದೆ ಮುಕ್ಕುತ್ತಿದ್ದರೆ ಬಾಲವೆತ್ತಿ ನೋಡಬೇಕು. ಕೆಲವು ಕರುಗಳಿಗೆ ಹುಟ್ಟುವಾಗಲೇ ಗುದದ್ವಾರವಿರುವುದಿಲ್ಲ. ಪಶುವೈದ್ಯರು ಶಸ್ತ್ರಚಿಕಿತ್ಸೆಯಿಂದ ಇದನ್ನು ಸರಿಪಡಿಸಬಹುದು.

ಮೊದಲ ನಾಲ್ಕೈದು ದಿನಗಳಲ್ಲಿ ಬರುವ ನೀರಿನಂತಹ ಭೇದಿಗೆ ಹೆಚ್ಚಾಗಿ ಇ. ಕೋಲೈ ಎಂಬ ಬ್ಯಾಕ್ಟೀರಿಯ ಕಾರಣ. ಅಲ್ಲಿಂದ ಮೂರು ವಾರಗಳವರೆಗೆ ವೈರಸ್‌ಗಳು ಮತ್ತು ಇತರ ಸೂಕ್ಷ್ಮಜೀವಿಗಳು ಕಾರಣವಾಗುತ್ತವೆ. ಮೂರು ವಾರ ದಾಟಿದ ಕರು ಮುಕ್ಕುತ್ತ ರಕ್ತ, ಲೋಳೆ ಬೆರೆತ ಭೇದಿ ಮಾಡಿದರೆ ಅದು ಕಾಕ್ಸಿಡಿಯೋಸಿಸ್ ಇರಬಹುದು. ಎಮ್ಮೆ ಕರುಗಳಲ್ಲಿ ಜೇಡಿಮಣ್ಣಿನ ಬಣ್ಣದ ನಾರುವ ಭೇದಿ, ಜೋಲುಹೊಟ್ಟೆ, ಒರಟು ಕೂದಲು ಕಂಡರೆ ದೊಡ್ಡ ದುಂಡು ಹುಳುವಿನ ಬಾಧೆ ಇರುವ ಸಂಭವ ಹೆಚ್ಚು. ಈ ಹುಳುವಿನ ಮರಿಗಳು ತಾಯಿಯ ಹಾಲಿನಲ್ಲೇ ಬರುತ್ತವೆ. ಆದ್ದರಿಂದ ಕೊಟ್ಟಿಗೆ ಎಷ್ಟೇ ಚೊಕ್ಕಟವಾಗಿದ್ದರೂ ಎಮ್ಮೆ ಕರುವಿಗೆ 10 ರಿಂದ 15 ದಿನ ತುಂಬುವುದರೊಳಗೆ ವೈದ್ಯರ ಸಲಹೆಯಂತೆ ಜಂತುನಾಶಕ ಕೊಡಿಸುವುದು ಅಗತ್ಯ.

ಕರುವಿನ ಮೈಯ ನೀರು ಎಷ್ಟು ಹೋಗಿದೆ ಎಂದು ತಿಳಿಯಲು ಕುತ್ತಿಗೆಯ ಚರ್ಮವನ್ನು ಎರಡು ಬೆರಳಿನಿಂದ ಎತ್ತಿ ಬಿಡಬೇಕು. ಒಡನೆ ಮೊದಲಿನಂತಾದರೆ ಸರಿ. ಎರಡು ಸೆಕೆಂಡಿಗಿಂತ ಹೆಚ್ಚು ಕಾಲ ಮಡಿಕೆ ನಿಂತರೆ ನೀರು ಕಡಿಮೆಯಾಗಿದೆ. ಕಣ್ಣು ಗುಳಿಬಿದ್ದು, ಬಾಯಿಯ ಒಳಭಾಗ, ಕಿವಿ, ಕಾಲು ತಣ್ಣಗಾಗಿ, ಕರು ಮೊಲೆ ಹಿಡಿಯಲಾರದೆ ಮಲಗಿದ್ದರೆ ಅದಕ್ಕೆ ರಕ್ತನಾಳದ ಮೂಲಕವೇ ದ್ರಾವಣ ಕೊಡಿಸಬೇಕು. ಅಂತಹ ಕರುವಿನ ಬಾಯಿಗೆ ಬಲವಂತವಾಗಿ ಏನನ್ನೂ ಸುರಿಯಬಾರದು. ಅದು ಶ್ವಾಸಕೋಶಕ್ಕೆ ಹೋಗಿ ಸಾವು ಬರುತ್ತದೆ.

ಕರು ಇನ್ನೂ ಎದ್ದು ನಿಂತು ಚೀಪುತ್ತಿದ್ದರೆ ಮನೆಯಲ್ಲೇ ಚಿಕಿತ್ಸೆ ಆರಂಭಿಸಬಹುದು. ಔಷಧಿ ಅಂಗಡಿಯಲ್ಲಿ ಸಿಗುವ ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಿರುವಷ್ಟೇ ಅಳತೆಯ ಕಾಯಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಉಗುರು ಬೆಚ್ಚಗೆ ಮಾಡಿ, ಅರ್ಧದಿಂದ ಒಂದು ಲೀಟರಿನಂತೆ ದಿನಕ್ಕೆ ಮೂರು ನಾಲ್ಕು ಬಾರಿ ಕುಡಿಸಬೇಕು. ಎಳೆಗರುವಿನ ಕರುಳು ಮನೆಯ ಸಕ್ಕರೆಯನ್ನು ಸರಿಯಾಗಿ ಜೀರ್ಣಿಸಿಕೊಳ್ಳಲಾರದು. ಆದುದರಿಂದ ಗ್ಲೂಕೋಸ್ ಇರುವ ಪೊಟ್ಟಣವೇ ಒಳ್ಳೆಯದು. ಭೇದಿಯಾದ ಕರುವಿಗೆ ಹಾಲು ನಿಲ್ಲಿಸಬೇಕೆಂಬುದು ತಪ್ಪು ತಿಳಿವಳಿಕೆ. ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಬಾರಿ ಕೊಡಬೇಕು. ಹಾಲಿಗೂ ಓ.ಆರ್.ಎಸ್. ನೀರಿಗೂ ನಡುವೆ ಎರಡು ಗಂಟೆಯಾದರೂ ಅಂತರವಿರಲಿ. ಇಷ್ಟು ಮಾಡುತ್ತಲೇ ಅದೇ ದಿನ ವೈದ್ಯರಿಗೂ ತಿಳಿಸಬೇಕು.

ಈ ಎಲ್ಲ ಕಷ್ಟವನ್ನು ತಪ್ಪಿಸುವ ಮೊದಲ ಔಷಧಿ ಗಿಣ್ಣು ಹಾಲು. ಕಸ ಬೀಳುವವರೆಗೆ ಕರುವಿಗೆ ಗಿಣ್ಣು ಹಾಲು ಕುಡಿಸಬಾರದೆಂಬ ನಂಬಿಕೆ ಅನೇಕ ಕಡೆ ಇದೆ. ಇದರಿಂದ ಬಹಳ ಕರುಗಳು ಸಾಯುತ್ತವೆ. ಗಿಣ್ಣು ಹಾಲಿನಲ್ಲಿರುವ ರೋಗ ತಡೆಯುವ ಅಂಶಗಳನ್ನು ಕರುವಿನ ಕರುಳು ಹೀರಿಕೊಳ್ಳುವುದು ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ ಚೆನ್ನಾಗಿ ನಡೆಯುತ್ತದೆ. ಒಂದು ದಿನ ಕಳೆದ ಮೇಲೆ ಆ ದಾರಿ ಮುಚ್ಚಿದಂತೆ. ಆದ್ದರಿಂದ ಹುಟ್ಟಿದ ಒಂದೆರಡು ಗಂಟೆಗಳೊಳಗೆ ಮೊದಲ ಬಾರಿ ಕುಡಿಸಿ, ದಿನ ಮುಗಿಯುವುದರೊಳಗೆ ಕರುವಿನ ತೂಕದ ಹತ್ತನೆಯ ಒಂದು ಭಾಗದಷ್ಟು, ಅಂದರೆ 30 ಕಿ.ಗ್ರಾಂ. ಕರುವಿಗೆ 3 ಲೀಟರು, ಹೊಟ್ಟೆಗೆ ಸೇರುವಂತೆ ನೋಡಿಕೊಳ್ಳಬೇಕು.

ಸಗಣಿಯ ಮಾದರಿ ಕಳಿಸುವ ಕ್ರಮ

ಹುಳುಗಳ ಮೊಟ್ಟೆ, ಕಾಕ್ಸಿಡಿಯ ಮುಂತಾದವು ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುತ್ತವೆ. ಮಾದರಿ ಕೊಡುವಾಗ ಈ ಅಂಶಗಳನ್ನು ನೆನಪಿನಲ್ಲಿಡಬೇಕು.

1. ಆಗತಾನೆ ಹಾಕಿದ ಸಗಣಿಯ ಮೇಲ್ಭಾಗದಿಂದ, ಮಣ್ಣು ತಾಗದಂತೆ, ನಿಂಬೆಹಣ್ಣಿನ ಗಾತ್ರದಷ್ಟು ತೆಗೆಯಬೇಕು.

2. ತೊಳೆದು ಒಣಗಿಸಿದ ಅಗಲ ಬಾಯಿಯ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಬೇಕು.

3. ರಾಸಿನ ಗುರುತು, ವಯಸ್ಸು, ತೊಂದರೆ ಯಾವಾಗಿನಿಂದ ಇದೆ, ಹಿಂದೆ ಜಂತುನಾಶಕ ಕೊಟ್ಟ ದಿನ ಇವುಗಳನ್ನು ಚೀಟಿಯಲ್ಲಿ ಬರೆದು ಅಂಟಿಸಬೇಕು.

4. ಬಿಸಿಲಿಗೆ ಇಡದೆ ಅದೇ ದಿನ ಪಶು ಚಿಕಿತ್ಸಾಲಯಕ್ಕೆ ತಲುಪಿಸಬೇಕು.

ಮಾಡಬಾರದ ಕೆಲಸಗಳು

ಭೇದಿ ಎಂದ ಕೂಡಲೇ ಅಂಗಡಿಯಿಂದ ಆಂಟಿಬಯಾಟಿಕ್ ಮಾತ್ರೆ ತಂದು ನುಂಗಿಸುವುದು ತಪ್ಪು. ಹುಳು, ಆಮ್ಲ, ವೈರಸ್‌ಗಳಿಂದ ಬಂದ ಭೇದಿಗೆ ಅದು ನಾಟದು. ಹಾಲಿನಲ್ಲಿ ಔಷಧಿಯ ಅಂಶ ಉಳಿದು ಕುಡಿಯುವವರಿಗೆ ತೊಂದರೆ. ವೈದ್ಯರು ಕೊಟ್ಟ ಔಷಧಿಯಾದರೂ ಎಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದೆಂದು ಕೇಳಿ ತಿಳಿಯಬೇಕು. ಭೇದಿ ಕಟ್ಟುವ ಮದ್ದು ಕೊಟ್ಟು ಸಗಣಿ ಗಟ್ಟಿಯಾದ ಮಾತ್ರಕ್ಕೆ ರೋಗ ಹೋಯಿತೆನ್ನುವಂತಿಲ್ಲ. ಮಲಗಿದ ರಾಸಿನ ತಲೆ ಮೇಲೆತ್ತಿ ಗೊಟ್ಟದಲ್ಲಿ ಔಷಧಿ ಹೊಯ್ಯಬಾರದು. ಭೇದಿಯಾಗುವ ರಾಸಿನ ಸಗಣಿ ಬಾಚಿದ ಮೇಲೆ ಸೋಪಿನಿಂದ ಕೈ ತೊಳೆಯದೆ ಹಾಲು ಕರೆಯಬಾರದು, ಮಕ್ಕಳನ್ನು ಎತ್ತಿಕೊಳ್ಳಬಾರದು. ಕರುಗಳಿಗೆ ಭೇದಿ ತರುವ ಕೆಲವು ಸೂಕ್ಷ್ಮಜೀವಿಗಳು ಮನುಷ್ಯರಿಗೂ ತಗಲುತ್ತವೆ.

ಕೂಡಲೇ ವೈದ್ಯರನ್ನು ಕರೆಯಬೇಕಾದ ಸಂದರ್ಭಗಳು

1. ಒಂದು ತಿಂಗಳೊಳಗಿನ ಕರುವಿಗೆ ಭೇದಿಯಾದಾಗ.

2. ಸಗಣಿಯಲ್ಲಿ ರಕ್ತ ಕಂಡಾಗ ಅಥವಾ ಅದು ಡಾಂಬರಿನಂತೆ ಕಪ್ಪಾದಾಗ.

3. ರಾಸು 24 ಗಂಟೆ ಸಗಣಿ ಹಾಕದಿದ್ದಾಗ, ಅಥವಾ ಹೊಟ್ಟೆ ಉಬ್ಬರಿಸಿ ಮೆಲುಕು ನಿಲ್ಲಿಸಿದಾಗ.

4. ಭೇದಿಯೊಡನೆ 103 ಡಿಗ್ರಿಗಿಂತ ಹೆಚ್ಚು ಜ್ವರವಿದ್ದಾಗ, ಅಥವಾ ಮೈ, ಕಿವಿ ತಣ್ಣಗಾದಾಗ.

5. ಧಾನ್ಯ, ಅನ್ನ, ಹರಳು ಹಿಂಡಿ, ಕೀಟನಾಶಕ ತಿಂದದ್ದು ಗೊತ್ತಾದಾಗ.

6. ಒಂದೇ ಕೊಟ್ಟಿಗೆಯ ಅಥವಾ ಊರಿನ ಹಲವು ರಾಸುಗಳಿಗೆ ಒಟ್ಟಿಗೆ ಭೇದಿಯಾದಾಗ.

ಆಸ್ಪತ್ರೆ ದೂರವಿರುವ ಕಡೆ 1962 ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ಸೇವೆಯ ನೆರವು ಕೇಳಬಹುದು. ಈ ಕರೆಗೆ ಹಣ ಬೀಳುವುದಿಲ್ಲ.

ವೈದ್ಯರು ಬಂದಾಗ ಸಾಮಾನ್ಯವಾಗಿ ಮಾತನಾಡುವವರು ಮನೆಯ ಯಜಮಾನರು. ಆದರೆ ಸಗಣಿ ಎಂದಿನಿಂದ ಬದಲಾಯಿತು, ಎಷ್ಟು ಬಾರಿ ಹಾಕಿತು, ಬಣ್ಣ ಹೇಗಿತ್ತು ಎಂಬುದು ಅದನ್ನು ಪ್ರತಿದಿನ ಬಾಚುವ ಹೆಣ್ಣುಮಕ್ಕಳಿಗೇ ಗೊತ್ತು. ವಿಸ್ತರಣಾ ಕಾರ್ಯಕರ್ತರು ಹಳ್ಳಿಗಳಲ್ಲಿ ಈ ವಿಷಯ ತಿಳಿಸುವಾಗ ಅವರನ್ನೇ ಮೊದಲು ಕರೆದು ಕೂರಿಸಬೇಕು. ಮನೆಯವರು ಸಗಣಿ ಬಾಚುವ ಸ್ಥಳಕ್ಕೆ ದೀಪದ ವ್ಯವಸ್ಥೆ ಮಾಡಿಕೊಡಲಿ, ಇಲ್ಲವೇ ಬೆಳಕು ಹರಿದ ಮೇಲೆ ಬಾಚುವ ಪದ್ಧತಿ ಇಟ್ಟುಕೊಳ್ಳಲಿ. ನೋಡಿ ಬಾಚಿದ ಸಗಣಿ ತಿಪ್ಪೆಗೆ ಹೋದರೂ ಗೊಬ್ಬರವಾಗುವುದು ತಪ್ಪುವುದಿಲ್ಲ. ಜೊತೆಗೆ ಒಂದು ಕರುವೋ ಹಸುವೋ ಉಳಿಯಬಹುದು.